ವಿಶೇಷ್ಯನಿಘ್ನ: ‘ಫೈನ್’ ಎಂಬ ಶಬ್ದದ ಅರ್ಥವಿಚಾರ

ಆಂಗ್ಲಭಾಷೆಯಿಂದ ನಮ್ಮ ಮನೆಮಾತಿಗೆ ಬಂದು ಸೇರಿದ ವಿಶೇಷಣಗಳು ಹಲವಿದ್ದರೂ, ‘ಫೈನ್’ ಎಂಬುದರಂತೆ ಬಹುವೇಷಗಳನ್ನು ತಾಳಿದವು ವಿರಳವೆಂದೇ ಹೇಳಬೇಕು. ಅಡಿಗೆಯು ಹೇಗಿತ್ತೆಂದು ಕೇಳಿದರೆ ‘ಫೈನ್’ ಎನ್ನುವರು. ಮೈ ಹೇಗಿದೆಯೆಂದರೆ ‘ಫೈನ್’ ಎನ್ನುವರು. ವಾಹನ ನಡೆಸುವವನು ನಿಯಮವನ್ನು ಮೀರಿದಲ್ಲಿ ಅವನ ತಲೆಯ ಮೇಲೆ ಬೀಳುವುದೂ ‘ಫೈನ್’. ನಮ್ಮ ಕುರೆಕುಪ್ಪ, ತೋರಣಗಲ್ಲು, ಸಂಡೂರುಗಳ ಸೀಮೆಯಲ್ಲಾದರೋ ಇನ್ನೊಂದು ವೇಷವೂ ಉಂಟು. ಲಾರಿಗಳಲ್ಲಿ ತುಂಬಿ ಸಾಗಿಸುವ ಕಬ್ಬಿಣದ ಅದಿರಿನ ಪುಡಿಯನ್ನು ಇಲ್ಲಿ ಕೂಲಿಯವನಿಂದ ಹಿಡಿದು ಕಂಪೆನಿಯ ಅಧಿಕಾರಿಯವರೆಗೆ ಸರ್ವರೂ ‘ಫೈನ್ಸ್’ ಎಂದೇ ಕರೆಯುವರು. ಹೊಗಳಿಕೆ, ಕುಶಲ, ದಂಡ, ಧೂಳು ಈ ನಾಲ್ಕೂ ಒಂದೇ ಶಬ್ದದಿಂದ ಬೋಧಿತವಾಗುವುದಾದರೆ, ಆ ಶಬ್ದವನ್ನು ವಿಚಾರಿಸದೆ ಬಳಸುವುದು ಭಾಷೆಯನ್ನು ಪ್ರೀತಿಸುವವರಿಗೆ ಒಪ್ಪುವ ಮಾತಲ್ಲ. ಆದುದರಿಂದ ಪ್ರಕೃತ ಲೇಖನದಲ್ಲಿ ಈ ಶಬ್ದದ ಮೂಲವೇನು, ಅದರ ಅರ್ಥಗಳು ಹೇಗೆ ಕವಲೊಡೆದುವು, ಕನ್ನಡದಲ್ಲಿ ಅದಕ್ಕೆ ಎಡೆಯೆಷ್ಟು ಎಂಬುದನ್ನು ವಾಚಕರ ಮುಂದಿಡಲು ಯತ್ನಿಸುವೆನು.

ಲ್ಯಾಟಿನ್ ಭಾಷೆಯಲ್ಲಿ ‘ಫೀನಿಸ್’ ಎಂದರೆ ಎಲ್ಲೆ, ಕೊನೆ. ಅದು ಹಳೆಯ ಫ್ರೆಂಚಿನಲ್ಲಿ ‘ಫಿನ್’ ಎಂದಾಗಿ, ಗುಣವಾಚಕದ ರೂಪದಲ್ಲಿ ‘ಕೊನೆಮುಟ್ಟಿದುದು, ಇನ್ನು ಮಾಡಬೇಕಾದುದು ಏನೂ ಉಳಿಯದಂತೆ ಪರಿಪೂರ್ಣವಾದುದು’ ಎಂಬ ಅರ್ಥವನ್ನು ತಾಳಿ ಇಂಗ್ಲಿಷನ್ನು ಹೊಕ್ಕಿತು. ಅದೇ ಶಬ್ದವು ನಾಮಪದವಾಗಿ ‘ವ್ಯಾಜ್ಯದ ಕೊನೆ’ ಎಂಬ ಅರ್ಥವನ್ನು ಪಡೆದು, ವ್ಯಾಜ್ಯವನ್ನು ಕೊನೆಗಾಣಿಸಲು ತೆರುವ ಹಣಕ್ಕೆ ಹೆಸರಾಯಿತು. ಹೀಗೆ ಹೊಗಳಿಕೆಯ ‘ಫೈನ್’ ಮತ್ತು ದಂಡದ ‘ಫೈನ್’ ಇವೆರಡೂ ಒಂದೇ ಬಸಿರಿನಿಂದ ಬಂದ ಅಣ್ಣತಮ್ಮಂದಿರು. ಈ ಮನೆತನದವರು ಇನ್ನೂ ಹಲವರು ನಮ್ಮ ಹಳ್ಳಿಗಳಲ್ಲಿ ಸಂಚರಿಸುತ್ತಿರುವರು. ಆಟದ ಕೊನೆಯ ಪಂದ್ಯವಾದ ‘ಫೈನಲ್’, ಕೆಲಸ ಮುಗಿದುದನ್ನು ಹೇಳುವ ‘ಫಿನಿಶ್’, ಸಾಲ ಕೊಡುವ ‘ಫೈನಾನ್ಸ್’ ಇವೆಲ್ಲವೂ ಆ ಎಲ್ಲೆಗಲ್ಲಿನಿಂದಲೇ ಹೊರಟವು. ಸಾಲಕ್ಕೂ ಕೊನೆಗೂ ಏನು ಸಂಬಂಧವೆಂದು ಕೇಳುವವರಿಗೆ, ಹಣ ತೆತ್ತು ಋಣವನ್ನು ಕೊನೆಗಾಣಿಸುವುದೇ ಆ ಶಬ್ದದ ಆದಿಯ ಅರ್ಥವೆಂದು ಉತ್ತರ ಕೊಡಬಹುದು. ಋಣವನ್ನು ಆರಂಭಿಸುವುದಕ್ಕೆ ಅದೇ ಹೆಸರು ನಿಂತುದು ಕಾಲದ ವಿನೋದ.

ಕೊನೆಯ ಅರ್ಥವುಳ್ಳ ಶಬ್ದವು ಮೇಲ್ಮೆಯನ್ನು ಹೇಳುವುದು ನಮಗೆ ಅಪರಿಚಿತವಾದ ಮಾರ್ಗವೇನಲ್ಲ. ಆಚೆಯ ದಡವನ್ನು ಮುಟ್ಟಿದವನು ‘ಪಾರಂಗತ’ನಾಗಿ ಪಂಡಿತನೆನಿಸಿದನು. ‘ಕಾಷ್ಠಾ’ ಎಂದರೆ ಗಡಿ, ಅದರಿಂದ ‘ಪರಾಕಾಷ್ಠೆ’ಯಾಯಿತು. ಅಂತವನ್ನು ಮೀರಿದುದು ‘ಅತ್ಯಂತ’ವಾಗಿ, ಈಗ ಎಳೆಯ ಮಕ್ಕಳೂ ಬಳಸುವ ಮಾತಾಗಿದೆ. ಮನುಷ್ಯರ ಬುದ್ಧಿಯು ಎಲ್ಲಿ ಹುಟ್ಟಿದರೂ ಶಬ್ದಗಳನ್ನು ನಡೆಯಿಸುವ ದಾರಿಯು ಬಹುಮಟ್ಟಿಗೆ ಒಂದೇ ಎಂಬುದಕ್ಕೆ ಇದೊಂದು ನಿದರ್ಶನ.

ಪರಿಪೂರ್ಣತೆಯಿಂದ ಹೊರಟ ಈ ಶಬ್ದವು ಮುಂದೆ ಹಲವು ಕವಲುಗಳಾಯಿತು. ಪುಟವಿಟ್ಟು ಕಲ್ಮಷವನ್ನು ಕಳೆದ ಚಿನ್ನವು ‘ಫೈನ್’ ಎನಿಸಿತು. ಮತ್ತೆ ಮತ್ತೆ ಎಳೆದ ನೂಲು, ಮತ್ತೆ ಮತ್ತೆ ಜರಡಿ ಹಿಡಿದ ಹಿಟ್ಟು, ಮತ್ತೆ ಮತ್ತೆ ಮಸೆದ ಅಲಗು ಇವು ಕೆಲಸ ಪೂರೈಸಿದಂತೆಲ್ಲ ತೆಳುವೂ ಸಣ್ಣವೂ ಹರಿತವೂ ಆಗುವುದರಿಂದ, ಪೂರ್ಣತೆಯ ಶಬ್ದವು ತೆಳುವಿಗೂ ಸಣ್ಣದಕ್ಕೂ ಹರಿತಕ್ಕೂ ಸಂದಿತೆಂದು ಊಹಿಸಬಹುದು. ಅಲ್ಲಿಂದ ಅದು ಬುದ್ಧಿಯ ಸೂಕ್ಷ್ಮತೆಗೂ, ನಡತೆಯ ನಯಕ್ಕೂ, ಆಕಾಶದ ನಿರ್ಮಲತೆಗೂ, ದೇಹದ ಸ್ವಾಸ್ಥ್ಯಕ್ಕೂ ಹಬ್ಬಿತು. ಕಡೆಯಲ್ಲಿ, ಮಾತಿನ ಬಳಕೆಯಲ್ಲಿ ಸವೆದು ಸವೆದು, ‘ಆಗಲಿ, ಅಡ್ಡಿಯಿಲ್ಲ, ಸಾಕು’ ಎಂಬ ಮಟ್ಟಕ್ಕೆ ಇಳಿಯಿತು. ಇನ್ನಷ್ಟು ಬಡಿಸಲೇ ಎಂದವರಿಗೆ ಆಂಗ್ಲರು ‘ಫೈನ್’ ಎಂದರೆ, ಬೇಡವೆಂಬುದೇ ಅದರ ತಾತ್ಪರ್ಯವಾಗಬಹುದು! ನಮ್ಮಲ್ಲಿ ಇದಕ್ಕೆ ವಿಪರೀತವಾಗಿ ನಡೆದ ಶಬ್ದವೊಂದುಂಟು. ‘ಪರವಾಗಿಲ್ಲ’ ಎಂಬುದು ಪಾರಸಿಯ ‘ಪರ್ವಾ’ ಎಂಬುದರಿಂದ ಬಂದುದು. ಚಿಂತೆಯಿಲ್ಲವೆಂಬುದಷ್ಟೇ ಅದರ ಅರ್ಥ. ಈಗ ‘ಹುಡುಗನು ಪರವಾಗಿಲ್ಲವೇ, ಚೆನ್ನಾಗಿ ಹಾಡುವನಲ್ಲ!’ ಎಂದು ಮೆಚ್ಚಿಕೆಗೂ ಅದು ಏರಿದೆ. ಒಂದು ಮೇಲಿನಿಂದ ಇಳಿಯಿತು, ಇನ್ನೊಂದು ಕೆಳಗಿನಿಂದ ಏರಿತು. ಇವೆರಡೂ ನಡುದಾರಿಯಲ್ಲಿ ಎದುರಾದುವು.

ಇಷ್ಟು ಅರ್ಥಗಳಲ್ಲಿ ಯಾವುದು ಎಲ್ಲಿ ಸಲ್ಲುವುದೆಂಬುದನ್ನು ನಿರ್ಣಯಿಸುವುದು ಹೇಗೆ? ಇದಕ್ಕೆ ಉತ್ತರವನ್ನು ನಮ್ಮ ಕೋಶಕಾರರೇ ಬಹುಕಾಲದ ಹಿಂದೆ ಸೂಚಿಸಿರುವರು. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ಗುಣವಾಚಕಗಳನ್ನು ಒಂದೆಡೆ ಕೂಡಿಸಿ, ಆ ವರ್ಗಕ್ಕೆ ‘ವಿಶೇಷ್ಯನಿಘ್ನ’ವೆಂದು ಹೆಸರಿಟ್ಟನು. ‘ನಿಘ್ನ’ವೆಂದರೆ ಅಧೀನ. ವಿಶೇಷಣವು ತನ್ನ ಲಿಂಗವಚನಗಳಿಗಾಗಿ ವಿಶೇಷ್ಯಕ್ಕೆ ಅಧೀನವೆಂಬುದೇ ಅಲ್ಲಿಯ ಶಾಸ್ತ್ರಾರ್ಥ. ಕನ್ನಡದಲ್ಲಿ ವಿಶೇಷಣಗಳಿಗೆ ಲಿಂಗವಚನಗಳ ಕಟ್ಟು ಅಷ್ಟಾಗಿ ಇಲ್ಲ; ‘ಒಳ್ಳೆಯ’ ಎಂಬುದು ಹುಡುಗನಿಗೂ ಹುಡುಗಿಗೂ ಹಸುವಿಗೂ ಒಂದೇ. ಆದರೆ ಅರ್ಥದ ಅಧೀನತೆಯು ನಮ್ಮಲ್ಲಿಯೂ ತಪ್ಪದು. ವಿಶೇಷ್ಯವನ್ನು ನೋಡದೆ ವಿಶೇಷಣಕ್ಕೆ ಅರ್ಥ ಹೇಳುವವನು ಕತ್ತಲೆಯಲ್ಲಿ ಬಟ್ಟೆಯ ಬಣ್ಣ ಹೇಳುವವನಿಗೆ ಸಮಾನನು.

ಈ ಸೂತ್ರವನ್ನು ಹಿಡಿದು ‘ಫೈನ್’ ಎಂಬುದನ್ನು ಕನ್ನಡಿಸಿ ನೋಡೋಣ. ವಿಶೇಷ್ಯವು ಚಿನ್ನವಾದರೆ ‘ಅಪರಂಜಿ’, ‘ಚೊಕ್ಕ’ ಎನ್ನಬೇಕು. 24ಕ್ಕೆ 22 ಪಾಲು ಚಿನ್ನವುಳ್ಳ ಒಡವೆಯ ಮೇಲೆ ಇಂದು ಒತ್ತುವ 916 ಎಂಬ ಅಂಕೆಯು ಈ ಚೊಕ್ಕತನದ ಅಳತೆಯೇ ಆಗಿದೆ. ಸಾವಿರ ಪಾಲಿನಲ್ಲಿ 916 ಪಾಲು ಶುದ್ಧ ಚಿನ್ನವೆಂಬುದು ಅದರ ಭಾವ. ವಿಶೇಷ್ಯವು ನೂಲಾದರೆ ‘ನಯವಾದ’, ಬಟ್ಟೆಯಾದರೆ ‘ತೆಳುವಾದ’, ಮಳೆಯಾದರೆ ‘ತುಂತುರು’ ಅಥವಾ ‘ಜಿನುಗು’, ಅಕ್ಷರವಾದರೆ ‘ಸಣ್ಣ’, ಅಲಗಾದರೆ ‘ಹರಿತವಾದ’, ಭೇದವಾದರೆ ‘ಸೂಕ್ಷ್ಮ’, ಹವೆಯಾದರೆ ‘ಹಿತವಾದ’, ಕೆತ್ತನೆಯಾದರೆ ‘ಕುಸುರಿ’, ಕಲೆಯಾದರೆ ‘ಲಲಿತ’ ಎನ್ನಬೇಕು. ‘ಲಲಿತಕಲೆ’ ಎಂಬ ಮಾತನ್ನು ಬಳಕೆಗೆ ತಂದವರು ‘ಒಳ್ಳೆಯ ಕಲೆ’ ಎಂದೋ ‘ತೆಳುವಾದ ಕಲೆ’ ಎಂದೋ ಹೇಳದೆ, ವಿಶೇಷ್ಯದ ಮನಸ್ಸನ್ನರಿತು ಶಬ್ದವನ್ನು ಆರಿಸಿರುವರು. ಅನುವಾದದ ವಿವೇಕವೆಂಬುದು ಇದೇ.

ಈ ಪಟ್ಟಿಯಲ್ಲಿ ‘ಸಣ್ಣ’ ಎಂಬ ಶಬ್ದವು ವಿಶೇಷವಾಗಿ ಗಮನಾರ್ಹವಾದುದು. ಸಂಸ್ಕೃತದಲ್ಲಿ ‘ಸೂಕ್ಷ್ಮ’ವೆಂದರೆ ಕಿರಿದು, ‘ಶ್ಲಕ್ಷ್ಣ’ವೆಂದರೆ ನುಣುಪು, ಇವೆರಡೂ ಪ್ರಾಕೃತದಲ್ಲಿ ‘ಸಣ್ಹ’ ಎಂಬ ಒಂದೇ ರೂಪಕ್ಕೆ ಬಂದು ಸೇರಿದುವು, ಅಲ್ಲಿಂದಲೇ ಕನ್ನಡದ ‘ಸಣ್ಣ’ವು ಬಂದಿತೆಂದು ವಿದ್ವಾಂಸರು ಹೇಳುವರು. ಕಿರಿದು ಮತ್ತು ನುಣುಪು ಎಂಬ ಎರಡು ಗುಣಗಳು ಒಂದು ಶಬ್ದದಲ್ಲಿ ಮನೆಮಾಡಿಕೊಂಡಿರುವ ವಿಷಯದಲ್ಲಿ ‘ಫೈನ್’ ಮತ್ತು ‘ಸಣ್ಣ’ ಇವು ಒಂದೇ ತಕ್ಕಡಿಯಲ್ಲಿ ತೂಗತಕ್ಕವು. ಆದರೆ ಮುಂದಿನ ನಡೆಯಲ್ಲಿ ಇವು ಬೇರೆಯಾಗುವುವು. ಕಂಪ್ಲಿ, ಸಿರುಗುಪ್ಪಗಳ ಗದ್ದೆಗಳಲ್ಲಿ ಬೆಳೆದ ‘ಸಣ್ಣಕ್ಕಿ’ ಎಂದರೆ ಬಾಯಲ್ಲಿ ನೀರೂರುವುದು. ‘ಸಣ್ಣ ಮನಸ್ಸು’ ಎಂದರೆ ಮುಖ ಸಿಂಡರಿಸುವುದು. ಆಂಗ್ಲರ ಶಬ್ದವು ಮೇಲ್ಮೆಯಿಂದ ಹೊರಟು ಸಣ್ಣದಕ್ಕೂ ಹಬ್ಬಿತು. ನಮ್ಮ ಶಬ್ದವು ಅಕ್ಕಿಯಲ್ಲಿ ಮೇಲ್ಮೆಯನ್ನೂ ಮನಸ್ಸಿನಲ್ಲಿ ಕೀಳ್ಮೆಯನ್ನೂ ಹೇಳುತ್ತ ನಿಂತಿತು. ‘ನಯ’ವೂ ಹಾಗೆಯೇ. ನಯವಾದ ರೇಷ್ಮೆ ಬೇಕು, ನಯವಾದ ಬೆಲೆಯೂ ಬೇಕು. ನಯವಂಚಕನು ಮಾತ್ರ ಬೇಡ.

ಇನ್ನು ನಿಘಂಟುಗಳ ವಿಷಯ. ಈ ವಿಚಾರದಲ್ಲಿ ನಮ್ಮ ಸೀಮೆಗೆ ಒಂದು ಹೆಮ್ಮೆಯುಂಟು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಎಂಬ ಪಾದರಿಗಳು ಇಂಗ್ಲಿಷ್–ಕನ್ನಡ ಕೋಶವನ್ನು ರಚಿಸಿ 1824ರಲ್ಲಿ ಮದ್ರಾಸಿನಲ್ಲಿ ಅಚ್ಚು ಮಾಡಿಸಿದರು. 1832ರಲ್ಲಿ ಅವರ ಕನ್ನಡ–ಇಂಗ್ಲಿಷ್ ಕೋಶವೂ ಹೊರಬಿದ್ದಿತು. ಕಿಟೆಲ್ ಪಂಡಿತರ ಮಹಾಕೋಶವು ಮಂಗಳೂರಿನಲ್ಲಿ ಬೆಳಕು ಕಂಡುದು 1894ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾದುದು 1946ರಲ್ಲಿ. ಈ ಮಹನೀಯರ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ದೊಡ್ಡ ಕೋಶಗಳನ್ನು ಹಿಂಡಿ ತೆಗೆದು ಶಾಲಾಬಾಲಕರಿಗಾಗಿ ಅಚ್ಚಾಗುವ ಕಿರುಕೋಶಗಳ ರೀತಿಯು ಬೇರೆ. ಅವುಗಳಲ್ಲಿ ಒಂದು ಆಂಗ್ಲ ವಿಶೇಷಣದ ಎದುರಿಗೆ ಆರೇಳು ಕನ್ನಡ ಶಬ್ದಗಳನ್ನು ಸಾಲಾಗಿ ನಿಲ್ಲಿಸಿ, ಯಾವುದು ಯಾವ ವಿಶೇಷ್ಯಕ್ಕೆ ತಕ್ಕುದೆಂಬುದನ್ನು ಹೇಳದೆ ಬಿಡುವರು. ಹುಡುಗನು ಮೊದಲಿನದನ್ನೇ ಆರಿಸುವನು, ಅದು ಹತ್ತಿರವಿರುವುದಲ್ಲವೇ! ಈಚೆಗೆ ಯಂತ್ರಗಳೂ ಅನುವಾದಕ್ಕೆ ತೊಡಗಿರುವುವು. ವಿಶೇಷ್ಯವನ್ನು ಲಕ್ಷಿಸದಿದ್ದಲ್ಲಿ ಯಂತ್ರವೂ ಹುಡುಗನೂ ಒಂದೇ ತಪ್ಪನ್ನು ಮಾಡುವರು.

ಇದು ಪಂಡಿತರ ಚರ್ಚೆ, ಇದರಿಂದ ಲೋಕಕ್ಕೇನು ಎಂದು ಕೇಳುವವರಿಗೆ ನಮ್ಮ ಊರಿನ ಸುತ್ತಲಿನ ಬೆಟ್ಟಗಳನ್ನೇ ತೋರಿಸುವೆನು. ಕಬ್ಬಿಣದ ಅದಿರನ್ನು ಒಡೆದು ಜರಡಿ ಹಿಡಿದಾಗ ಗಟ್ಟಿಯಾಗಿ ಉಳಿಯುವುದು ‘ಲಂಪ್ಸ್’. ಸಾಮಾನ್ಯವಾಗಿ 10 ಮಿಲಿಮೀಟರಿಗಿಂತ ಕಿರಿದಾಗಿ ಕೆಳಗೆ ಬೀಳುವುದು ‘ಫೈನ್ಸ್’. ಈ ಪುಡಿಯನ್ನು ಹಾಗೆಯೇ ಊದುಕುಲುಮೆಗೆ ಸುರಿಯಲಾಗದು. ಸುರಿದರೆ ಕೆಳಗಿನಿಂದ ಏರಬೇಕಾದ ಬಿಸಿಗಾಳಿಯ ದಾರಿಯು ಕಟ್ಟಿಕೊಳ್ಳುವುದು. ಆದುದರಿಂದ ಅದನ್ನು ಬೇಯಿಸಿ ಹೆಂಟೆ ಕಟ್ಟಬೇಕು, ಇಲ್ಲವೆ ಗುಂಡುಗಳಾಗಿ ಉಂಡೆಮಾಡಬೇಕು. ಹೀಗೆ ಹೆಚ್ಚಿನ ಕೆಲಸವನ್ನು ಬೇಡುವ ಈ ಪುಡಿಗೆ ಗಟ್ಟಿ ಅದಿರಿಗಿಂತ ಬೆಲೆ ಕಡಿಮೆ. ಹಿಂದೆ ಗಣಿಗಳ ಪಕ್ಕದಲ್ಲಿ ಕಸದಂತೆ ಗುಡ್ಡೆಬಿದ್ದಿದ್ದ ಪುಡಿಗೂ ಚೀನಾದೇಶದ ಬೇಡಿಕೆಯಿಂದ ಈ ಶತಮಾನದ ಮೊದಲ ದಶಕದಲ್ಲಿ ಬೆಲೆ ಬಂದುದೂ, ಅದರ ಹಿಂದೆಯೇ ಅಕ್ರಮವು ಬೆಳೆದುದೂ, ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಅದಿರಿನ ಗಣಿಗಾರಿಕೆಗೆ ತಡೆಹಾಕಿದುದೂ ವಾಚಕರೆಲ್ಲರಿಗೆ ತಿಳಿದ ಸಂಗತಿ.

ಈಗ ಶಬ್ದದ ವೈಚಿತ್ರ್ಯವನ್ನು ನೋಡಿರಿ. ಹೊಗಳಿಕೆಯಲ್ಲಿ ‘ಫೈನ್’ ಎಂದರೆ ಉತ್ತಮ. ಅದಿರಿನಲ್ಲಿ ಅದೇ ಶಬ್ದಕ್ಕೆ ಬಹುವಚನ ಹಚ್ಚಿದರೆ ಕಡಿಮೆ ಬೆಲೆಯ ಪುಡಿ. ಆಂಗ್ಲವನ್ನು ಅರೆಬರೆ ಬಲ್ಲ ರೈತನು ಒಂದು ಕರಾರುಪತ್ರದಲ್ಲಿ ಈ ಮಾತನ್ನು ಕಂಡು ‘ಉತ್ತಮವಾದ ಅದಿರು’ ಎಂದು ತಿಳಿದರೆ ಅವನ ಲೆಕ್ಕವೇ ತಲೆಕೆಳಗಾಗುವುದು. ‘ದಂಡ’ವೆಂದು ತಿಳಿದರೆ ಅವನ ನಿದ್ರೆಯೇ ಹಾರಿಹೋಗುವುದು. ಇದಕ್ಕೆ ತಕ್ಕ ಕನ್ನಡ ಶಬ್ದವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಕ್ಕಿಯನ್ನು ಕುಟ್ಟುವಾಗ ಮುರಿದು ಬೀಳುವ ಚೂರಿಗೆ ನಮ್ಮ ತಾಯಂದಿರು ‘ನುಚ್ಚು’ ಎಂದರು. ಇಡಿಯ ಅಕ್ಕಿಗಿಂತ ಅದಕ್ಕೆ ಬೆಲೆ ಕಡಿಮೆ, ಆದರೆ ಬೇಯಿಸಿದರೆ ಹೊಟ್ಟೆ ತುಂಬುವುದು. ಅದಿರಿನ ಪುಡಿಯ ಗುಣವೂ ಇದೇ ಅಲ್ಲವೇ? ‘ಅದಿರಿನ ನುಚ್ಚು’ ಎಂದೊಡನೆ ವಸ್ತುವೂ, ಅದರ ಹುಟ್ಟೂ, ಅದರ ಬೆಲೆಯೂ ಅನಕ್ಷರಸ್ಥನಿಗೂ ಹೊಳೆಯುವುದು.

ಇದಕ್ಕಿಂತ ಗುರುತರವಾದ ಇನ್ನೊಂದು ಎಡೆಯುಂಟು. ಗಾಳಿಯಲ್ಲಿ ತೇಲುವ ಧೂಳಿನಲ್ಲಿ 2.5 ಮೈಕ್ರೋಮೀಟರಿಗಿಂತ ಕಿರಿದಾದ ಕಣಗಳನ್ನು ವೈಜ್ಞಾನಿಕರು ‘ಫೈನ್’ ಎಂಬ ವಿಶೇಷಣದಿಂದಲೇ ಗುರುತಿಸುವರು. ನಮ್ಮ ತಲೆಗೂದಲಿನ ದಪ್ಪದಲ್ಲಿ ಅಂಥ ಇಪ್ಪತ್ತಕ್ಕೂ ಹೆಚ್ಚು ಕಣಗಳು ಸಾಲಾಗಿ ನಿಲ್ಲಬಲ್ಲುವು. ದಪ್ಪ ಧೂಳು ಮೂಗು ಗಂಟಲುಗಳಲ್ಲಿಯೇ ಬಹುಮಟ್ಟಿಗೆ ತಡೆಯಲ್ಪಡುವುದು. ಈ ಸೂಕ್ಷ್ಮ ಧೂಳಾದರೋ ಶ್ವಾಸಕೋಶದ ಆಳಕ್ಕಿಳಿದು ಹೃದಯಕ್ಕೂ ಕೇಡುಂಟುಮಾಡುವುದು. ಪರಿಚಿತರೊಬ್ಬರು ತೋರಿಸಿದ ಒಂದು ಅನುವಾದದಲ್ಲಿ ಇದನ್ನು ‘ಉತ್ತಮ ಧೂಳು’ ಎಂದು ಬರೆದಿದ್ದಿತು. ಓದಿ ನಗುವುದು ಸುಲಭ. ಆದರೆ ಎಚ್ಚರಿಸಲೆಂದು ಬರೆದ ಮಾತು ಹೊಗಳಿಕೆಯಾಗಿ ತಾಯಿಯೊಬ್ಬಳ ಕಿವಿಗೆ ಬಿದ್ದರೆ, ಅವಳು ತನ್ನ ಮಗುವನ್ನು ಆ ಧೂಳಿನಿಂದ ಕಾಪಾಡುವುದು ಹೇಗೆ? ಶಬ್ದದೋಷವು ಕಾವ್ಯದಲ್ಲಿ ರಸವನ್ನು ಕೆಡಿಸುವುದು. ಇಂಥಲ್ಲಿ ಅದು ಪ್ರಾಣಕ್ಕೇ ಎರವಾದೀತು.

ಕುಶಲಪ್ರಶ್ನೆಯ ಉತ್ತರವಾಗಿ ಬರುವ ‘ಫೈನ್’ ಕುರಿತು ಎರಡು ಮಾತು ಹೇಳಬೇಕು. ‘ಕುಶಲ’ವೆಂಬ ಶಬ್ದವೇ ಆಲಂಕಾರಿಕರಿಗೆ ಪ್ರಿಯವಾದ ಉದಾಹರಣೆ. ಕೈ ಕೊಯ್ದುಕೊಳ್ಳದೆ ದರ್ಭೆಯನ್ನು ತರುವವನು ಮೊದಲು ಕುಶಲನು. ಆ ಮೂಲಾರ್ಥವು ಮರೆತುಹೋಗಿ ನಿಪುಣನೆಂಬ ಅರ್ಥವು ರೂಢಿಯಿಂದ ನಿಂತಿತೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ಲಕ್ಷಣೆಯ ಪ್ರಸಂಗದಲ್ಲಿ ತೋರಿಸಿರುವನು. ‘ಫೈನ್’ ಎಂಬುದೂ ಹೀಗೆಯೇ ಮೂಲಾರ್ಥವನ್ನು ಮರೆತು ರೂಢಿಗೆ ನಿಂತ ಶಬ್ದ. ಆದರೆ ಕುಶಲೋತ್ತರದಲ್ಲಿ ಅದು ಬಹುಶಃ ಅರ್ಥವನ್ನು ಹೇಳುವುದಕ್ಕಿಂತ ಮುಚ್ಚುವುದಕ್ಕೆ ಹೆಚ್ಚು ಉಪಯೋಗವಾಗುವುದು. ನಮ್ಮ ಸೀಮೆಯ ಮುದುಕನನ್ನು ‘ಹೇಗಿದ್ದೀಯಪ್ಪಾ?’ ಎಂದು ಕೇಳಿದರೆ, ‘ಆರಾಮ ಅದೀನ್ರಿ, ಮೊಣಕಾಲು ಒಂದು ಹಿಡಿದೈತಿ, ಮಳಿ ಒಂದು ಆಗವಲ್ದು’ ಎಂದು ಮೈಯಿಂದ ಮುಗಿಲಿನವರೆಗೆ ವರದಿಯೊಪ್ಪಿಸುವನು. ಪಟ್ಟಣದಲ್ಲಿರುವ ಮಗನನ್ನು ತಾಯಿಯು ದೂರವಾಣಿಯಲ್ಲಿ ಕೇಳಿದರೆ ‘ಫೈನ್’ ಎಂಬ ಒಂದೇ ಅಕ್ಷರದಂಥ ಉತ್ತರವು ಬರುವುದು. ಅವನು ಸುಖಿಯೋ, ದುಃಖಿಯೋ, ಉಂಡನೋ, ಉಪವಾಸವೋ ಎಂಬುದು ಅದರಲ್ಲಿ ತಿಳಿಯದು. ತಾಯಿಯಾದವಳು ಕಾಕುವಿನಿಂದ, ಎಂದರೆ ಧ್ವನಿಯ ಏರಿಳಿತದಿಂದ, ಊಹಿಸಿಕೊಳ್ಳಬೇಕು. ವ್ಯಂಗ್ಯಕ್ಕೂ ಈ ಶಬ್ದವು ಒದಗುವುದುಂಟು; ಕೆಲಸ ಕೆಟ್ಟಾಗ ಆಂಗ್ಲರು ‘ಫೈನ್’ ಎಂದು ಮೂದಲಿಸಿದರೆ, ನಾವು ‘ಬಹಳ ಚೆನ್ನಾಯಿತು!’ ಎನ್ನುವೆವು. ಶಾಸ್ತ್ರಕಾರರು ಇದನ್ನೇ ವಿಪರೀತಲಕ್ಷಣೆಯೆಂದರು.

ಮಕ್ಕಳ ಪ್ರಬಂಧಗಳಲ್ಲಿ ಈ ಶಬ್ದದ ಹಾವಳಿಯು ಎಷ್ಟೆಂಬುದನ್ನು ಪಾಠ ಹೇಳಿದ ಯಾರು ಬೇಕಾದರೂ ಬಲ್ಲರು. ಹಂಪಿಯನ್ನು ನೋಡಿಬಂದ ಬಾಲಕನು ‘ವಿರೂಪಾಕ್ಷನ ಗೋಪುರ ಫೈನ್, ಮಹಾನವಮಿ ದಿಬ್ಬ ಫೈನ್, ಹಜಾರರಾಮನ ಗುಡಿ ಫೈನ್, ತುಂಗಭದ್ರೆ ಫೈನ್’ ಎಂದು ಬರೆದರೆ, ಅವನು ನೋಡಿದುದೇನೆಂದು ನಮಗೆ ತಿಳಿಯುವುದೇ? ಗೋಪುರವು ಉನ್ನತ, ದಿಬ್ಬವು ವಿಶಾಲವೂ ಗಂಭೀರವೂ ಆದುದು, ಹಜಾರರಾಮನ ಗುಡಿಯ ಮಂಟಪದ ಕರಿಗಲ್ಲಿನ ಕಂಬಗಳು ನುಣ್ಣಗೆ ಮೆರುಗಿಟ್ಟು ಕುಸುರಿ ಕೊರೆದವು, ತುಂಗಭದ್ರೆಯು ಬೇಸಗೆಯಲ್ಲಿ ಕೃಶೆ, ಮಳೆಗಾಲದಲ್ಲಿ ಉದ್ಧತೆ. ಒಂದೊಂದು ವಿಶೇಷಣವೂ ಒಂದೊಂದು ನೋಟದ ಫಲ. ಶಬ್ದವನ್ನು ಆರಿಸುವ ಶ್ರಮವನ್ನು ಬಿಟ್ಟವನು ನೋಡುವ ಶ್ರಮವನ್ನೂ ಬಿಡುವನು. ಕಣ್ಣಿಗೆ ಕಂಡ ಭೇದವು ನಾಲಗೆಗೆ ಬಾರದೆ ಬಹುದಿನ ಇದ್ದರೆ, ಕ್ರಮೇಣ ಕಣ್ಣಿಗೂ ಕಾಣದಂತಾಗುವುದು. ನಾನು ಅಂಜುವುದು ಈ ನಷ್ಟಕ್ಕೆ. ಆಂಗ್ಲ ಶಬ್ದವೊಂದು ಬಂದು ಸೇರಿತೆಂಬುದಕ್ಕಲ್ಲ.

ಪರಭಾಷೆಯ ಶಬ್ದವನ್ನು ಸೇರಿಸಲೇಬಾರದೆಂದು ಹಟ ಹಿಡಿಯುವವರ ಪಕ್ಷವು ನನ್ನದಲ್ಲ. ಮೇಲೆ ಹೇಳಿದ ಮುದುಕನ ‘ಆರಾಮ’ವು ಪಾರಸಿಯದು, ಕಚೇರಿಯ ‘ಜುಲ್ಮಾನೆ’ಯೂ ಆ ಕಡೆಯಿಂದಲೇ ಬಂದುದು. ಅವು ನಮ್ಮವಾಗಿ ತಲೆಮಾರುಗಳು ಸಂದುವು. ಆದರೂ ಬಂದವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಲಾಗದು. ದಂಡದ ಅರ್ಥದಲ್ಲಿ ‘ಫೈನ್’ ನಮಗೆ ಅನಾವಶ್ಯಕ. ‘ದಂಡ’, ‘ಜುಲ್ಮಾನೆ’ ಎಂಬ ಎರಡು ಶಬ್ದಗಳು ಮೊದಲೇ ಇರುವುವು. ಬಳಸಿದರೆ ಹಾನಿಯೂ ಹೆಚ್ಚಿಲ್ಲ. ಅದಿರಿನ ವ್ಯಾಪಾರದಲ್ಲಿ ‘ಫೈನ್ಸ್’ ಎಂಬುದು ಗೊತ್ತಾದ ವಸ್ತುವಿಗೆ ಗೊತ್ತಾದ ಹೆಸರು; ವ್ಯಾಪಾರಿಗಳು ಬಳಸಲಿ, ಆದರೆ ಜನರಿಗಾಗಿ ಬರೆಯುವ ಪತ್ರಗಳಲ್ಲಿ ಅದರ ಪಕ್ಕದಲ್ಲಿ ‘ನುಚ್ಚು’ ಅಥವಾ ‘ಪುಡಿ’ ಎಂದಿರಲಿ. ಹೊಗಳಿಕೆಯ ‘ಫೈನ್’ ಮಾತ್ರ ಬಾಗಿಲಲ್ಲಿ ತಡೆದು ವಿಚಾರಿಸತಕ್ಕುದು. ಏಕೆಂದರೆ ಅದು ಹೊಸ ಅರ್ಥವನ್ನೇನೂ ತಾರದೆ, ಸೊಗಸು, ಚೆಲುವು, ಅಂದ, ರಮ್ಯ, ಮನೋಹರ, ನಯ, ನುಣುಪು, ಹಿತ, ಹದ ಎಂಬ ಮನೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕಳುಹಿಸುತ್ತಿದೆ. ಅದು ಕನ್ನಡದ್ದೇ ಆದ ‘ಚೆನ್ನಾಗಿದೆ’ ಎಂಬ ಒಂದೇ ಮಾತಾಗಿದ್ದರೂ ನನ್ನ ಆಕ್ಷೇಪವು ಇಷ್ಟೇ ಇರುತ್ತಿದ್ದಿತು.

ಇದಕ್ಕೆ ಮಾಡತಕ್ಕುದೇನು? ಕೋಶಗಳನ್ನು ರಚಿಸುವವರು ಪ್ರತಿಯೊಂದು ವಿಶೇಷಣದ ಮುಂದೆಯೂ ತಕ್ಕ ವಿಶೇಷ್ಯವನ್ನು ಜೊತೆಗೂಡಿಸಿ ಅಚ್ಚು ಮಾಡಲಿ. ಕಿರುಕೋಶಕ್ಕೆ ಇದರಿಂದ ನಾಲ್ಕು ಪುಟ ಹೆಚ್ಚಾದರೂ ಚಿಂತೆಯಿಲ್ಲ. ಉಪಾಧ್ಯಾಯರು ಪ್ರಬಂಧವನ್ನು ತಿದ್ದುವಾಗ ‘ಫೈನ್’ ಎಂಬುದನ್ನು ಹೊಡೆದುಹಾಕಿ ಸುಮ್ಮನಾಗದೆ, ‘ಯಾವ ಗುಣದಿಂದ?’ ಎಂಬ ಎರಡು ಶಬ್ದಗಳನ್ನು ಅಂಚಿನಲ್ಲಿ ಬರೆಯಲಿ. ಮನೆಗಳಲ್ಲಿ ಹಿರಿಯರು ಅಡಿಗೆಯನ್ನು ಹೊಗಳುವಾಗ ಸಾರಿನ ಹುಳಿ ಹಿತವಾಗಿತ್ತೆಂದೋ, ರೊಟ್ಟಿ ಮೆತ್ತಗಿತ್ತೆಂದೋ, ಚಟ್ನಿ ಖಾರ ಹದವಾಗಿತ್ತೆಂದೋ ಬಿಡಿಸಿ ಹೇಳಲಿ. ಬೇಯಿಸಿದವರಿಗೆ ಸಂತೋಷವೂ ಹೆಚ್ಚು, ಕೇಳಿದ ಮಕ್ಕಳಿಗೆ ಕನ್ನಡವೂ ಹೆಚ್ಚು. ವಿಶೇಷಣವು ವಿಶೇಷ್ಯಕ್ಕೆ ಅಧೀನವೆಂಬ ಅಮರನ ಮಾತಿನಲ್ಲಿ, ಮಾತನಾಡುವವನು ಮೊದಲು ವಸ್ತುವನ್ನು ಕಣ್ಣಿಟ್ಟು ನೋಡಬೇಕೆಂಬ ವಿಧಿಯೂ ಅಡಗಿದೆ. ಅದನ್ನು ಪಾಲಿಸಿದವನ ಬಾಯಲ್ಲಿ ಯಾವ ಭಾಷೆಯ ಶಬ್ದವೂ ಕೆಡುವುದಿಲ್ಲವೆಂದು ವಾಚಕ ಮಹಾಶಯರಲ್ಲಿ ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುವೆನು.